ಬಾಗಿಲು ನೋಡುವ ಅವ್ವ

ತೀರಿಕೊಂಡವರು ಪರದೆಯ ಮೇಲೆ ಬದುಕುವ ಭವನದಲ್ಲಿ, ಜನ ಹೆಚ್ಚಾದಷ್ಟೂ ಒಬ್ಬೊಬ್ಬರ ಪಾಲಿನ ಕಂಪ್ಯೂಟರ್ ಶಕ್ತಿ ಕಡಿಮೆಯಾಗುತ್ತಿತ್ತು. ಆ ಪಾಲಿನಲ್ಲೇ ಹಿಡಿಸಲೆಂದು ಮಾದೇಶ ಹೋದ ವರ್ಷ ಪರದೆಯ ಅವ್ವನ ನೆರಳು ತೆಗೆಸಿದ್ದ, ಅದಕ್ಕೂ ಮುಂಚೆ ಸೆರಗಿನ ಅಲುಗಾಟ.

“ಇನ್ನೂ ಭಾರ ಇಳೀತಿಲ್ಲ ಅಣ್ಣ,” ಎಂದಳು ಆಪರೇಟರ್ ಶಾಹಿನಾ. “ನಿಮ್ಮವ್ವ ಕ್ಷಣಕ್ಕೊಂದ್ಸಲ ಬಾಗಿಲು ನೋಡ್ತಾರೆ. ಅದನ್ನ ತೆಗೆದ್ರೆ ಸಾಕು.”

“ನನ್ನ ದಾರಿ ಕಾಯ್ತಾಳೆ ಕಣಮ್ಮ.”

“ನೀವು ಎದುರಿಗೆ ಕೂತಿದ್ರೂ ನೋಡ್ತಾರಲ್ಲ. ಚಂದ್ರಿ ಬರೋವರೆಗೂ ನೋಡ್ಬೇಕು ಅಂತ ಇದೆ ಇಲ್ಲಿ, ಅವರ ನೆನಪಿನ ಫೈಲಲ್ಲಿ.”

ಚಂದ್ರಿ ಅವನ ತಂಗಿ. ಹಳೆಯ ಜಗಳದ ಸಿಟ್ಟಿನಲ್ಲಿ, ಅವ್ವ ಸತ್ತ ಸುದ್ದಿಯನ್ನೂ ಅವನು ಅವಳಿಗೆ ಮುಟ್ಟಿಸಿರಲಿಲ್ಲ.

ಪರದೆಯಲ್ಲಿ ಅವ್ವ “ಮಾದೂ, ಉಂಡ್ಯಾ?” ಎಂದು ಕೇಳಿ, ಮತ್ತೆ ಬಾಗಿಲತ್ತ ತಿರುಗಿದಳು.

“ಬಾಗಿಲು ನೋಡೋದು ಇರಲಿ,” ಎಂದ ಮಾದೇಶ. “ನನ್ನನ್ನ ಮಾತಾಡಿಸ್ತಾಳಲ್ಲ, ಅದನ್ನ ತೆಗೆದುಬಿಡಮ್ಮ.”