ಕೈಗುಣ

"ಬಟ್ಟಲಲ್ಲಿ ಬಣ್ಣ ಬದಲಾಯಿಸಿದ್ದು ನಾನೇ ಕಣೇ," ಎಂದಳು ಅಕ್ಕ, ತಂಗಿಯ ಮನೆಯ ಬಾಗಿಲು ಪೂರ್ತಿ ತೆರೆಯುವ ಮೊದಲೇ.

ತಂಗಿ ಹಿಡಿಕೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಇಬ್ಬರೂ ಸೇರಿ ನಡೆಸುತ್ತಿದ್ದ ಬ್ಯೂಟಿ ಪಾರ್ಲರಿನಲ್ಲಿ ಕಳೆದ ತಿಂಗಳು ಕಾಯಂ ಗಿರಾಕಿ ಟೀಚರಮ್ಮನ ಕೂದಲು ತುಕ್ಕು ಹಿಡಿದ ತಗಡಿನಂತಾಗಿತ್ತು. ಬಣ್ಣ ಹಚ್ಚಿದವಳು ತಂಗಿ. ಟೀಚರಮ್ಮ ಎಲ್ಲರೆದುರು ಅವಳ ಮಾನ ಹರಾಜು ಹಾಕಿದ್ದರು. ಅಂದು ಏಪ್ರನ್ ಬಿಚ್ಚಿಟ್ಟು ಹೋದವಳು ಈಗ ಸೋಪಿನ ಕಾರ್ಖಾನೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದಳು.

"ಯಾಕೆ?"

"ಎಲ್ಲರೂ ನಿನ್ನನ್ನೇ ಕೇಳ್ತಿದ್ರು. ನನ್ನ ಕುರ್ಚಿ ಖಾಲಿ ಇದ್ರೂ ನಿಂಗೋಸ್ಕರಾನೇ ಕಾಯ್ತೀವಿ ಅಂತಿದ್ರು. ನಿಂಗೆ ಕತ್ತರಿ ಹಿಡಿಯೋದು ಕಲಿಸಿದವಳು ನಾನು! ಹೊಟ್ಟೆ ಉರಿದುಹೋಯ್ತು. ತಪ್ಪಾಯ್ತು ಕಣೇ, ವಾಪಸ್ ಬಾ."

"ನನ್ನೊಬ್ಬಳ ಹತ್ರ ಹೇಳಿದ್ರೆ ಏನು ಬಂತು? ಟೀಚರಮ್ಮನ ಹತ್ರ ಹೇಳು. ಪಾರ್ಲರ್ ತುಂಬಿರೋವಾಗ ಹೇಳು."

ಶನಿವಾರ ಅಕ್ಕ ತಾನೇ ಫೋನ್ ಮಾಡಿ ಟೀಚರಮ್ಮನನ್ನು ಪಾರ್ಲರಿಗೆ ಕರೆದಳು. ಅವರು ತಲೆಗೆ ಸ್ಕಾರ್ಫ್ ಸುತ್ತಿಕೊಂಡೇ ಬಂದರು. "ನನ್ನ ತಂಗಿದು ಏನೂ ತಪ್ಪಿರಲಿಲ್ಲ ಟೀಚರಮ್ಮ. ಅವಳು ಟವೆಲ್ ತರೋಕೆ ಒಳಗೆ ಹೋದಾಗ ಬೇರೆ ಟ್ಯೂಬ್ ಬೆರೆಸಿದ್ದು ನಾನು." ಯಾರೋ ಡ್ರೈಯರ್ ಆರಿಸಿದರು. ಕೂದಲು ತೊಳೆಯುವ ತೊಟ್ಟಿಗೆ ತಲೆ ಒಡ್ಡಿದ್ದವಳೂ ಎದ್ದು ಕೂತಳು.

"ಒಡಹುಟ್ಟಿದವಳಿಗೆ?" ಎಂದರು ಟೀಚರಮ್ಮ. ಬ್ಯಾಗು ಹೆಗಲಿಗೇರಿಸಿಕೊಂಡರು. "ನಿನ್ನ ಕೈಗೆ ಇನ್ನು ತಲೆ ಕೊಡಲ್ಲ ಕಣಮ್ಮ. ಅವಳು ಬಂದ ದಿನ ಹೇಳಿ ಕಳಿಸು."

ನಾಚಿಕೆಯಿಂದ ಕುಗ್ಗಿಹೋಗಿದ್ದರೂ ಅಕ್ಕನಿಗೆ ಚುಚ್ಚಿದ್ದು ಆ ಕೊನೆಯ ಮಾತೇ.

ತಂಗಿ ಮರಳಿದ ದಿನ ಮೊದಲು ಬಂದವರೇ ಟೀಚರಮ್ಮ. ಅವಳ ಎರಡೂ ಕೈ ಹಿಡಿದು, "ಅವತ್ತು ಬಾಯಿಗೆ ಬಂದಂಗೆ ಅಂದುಬಿಟ್ಟೆ, ಮನಸ್ಸಲ್ಲಿ ಇಟ್ಕೋಬೇಡ. ನಿನ್ನ ಕೈಗುಣಾನೇ ಬೇರೆ," ಎಂದರು. ಅಕ್ಕ ಮೂಲೆಯಲ್ಲಿ ಟವೆಲ್ ಮಡಿಸುತ್ತಿದ್ದಳು. ತಪ್ಪು ಒಪ್ಪಿಕೊಂಡರೆ ಒಳಗಿನ ಉರಿ ತಣ್ಣಗಾದೀತು ಎಂದುಕೊಂಡಿದ್ದಳು. ಅದು ಇದ್ದಲ್ಲೇ ಇತ್ತು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಟೀಚರಮ್ಮ ಹೋದ ಮೇಲೆ ತಂಗಿ ಕನ್ನಡಿಯಲ್ಲೇ ಅಕ್ಕನನ್ನು ನೋಡಿದಳು.

"ಇನ್ನೂ ಹೊಟ್ಟೆ ಉರಿಯುತ್ತಾ, ಅಕ್ಕಾ?"

ಇಲ್ಲ ಎನ್ನಲು ಬಾಯಿ ತೆರೆದವಳು ತಡೆದುಕೊಂಡಳು. "ಉರಿಯುತ್ತೆ."

ತಂಗಿ ಬಾಚಣಿಗೆಗೆ ಸಿಕ್ಕಿದ ಕೂದಲನ್ನು ಬಿಡಿಸಿ ಬುಟ್ಟಿಗೆ ಹಾಕಿದಳು.

"ಹೀಗೇ ಬಾಯಿಬಿಟ್ಟು ಹೇಳ್ತಿರು. ಬಣ್ಣ ಬದಲಾಯಿಸಿದ ದಿನ ನೀನು ನನ್ನ ಜೊತೆ ನಗ್ತಾ ಇದ್ದೆ."