ಸಾಯಲೊಲ್ಲದ ಕಣ

"ಸಾಯಬೇಕಾಗಿತ್ತು, ಸಾಯ್ತಾ ಇಲ್ಲ. ಅದೇ ಬಂದಿರೋ ತೊಂದರೆ," ಎಂದರು ಡಾಕ್ಟರಮ್ಮ, ರಿಪೋರ್ಟಿನಿಂದ ಕಣ್ಣೆತ್ತದೆ.

ಬೀಗ ರಿಪೇರಿಯವನ ಹೆಂಡತಿ ಸಹಿ ಹಾಕಲು ಹಿಡಿದಿದ್ದ ಪೆನ್ನನ್ನು ಕೆಳಗಿಟ್ಟಳು. ಗಂಡ ಎದುರಿಗೇ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿದ್ದಾನೆ. "ಏನಮ್ಮಾ ಹೀಗಂತೀರಾ! ಅವರಿಗೆ ಕೇಳಿಸುತ್ತೆ."

"ಅಯ್ಯೋ, ಇವರಲ್ಲಮ್ಮ! ಇವರ ಬಿಳಿ ರಕ್ತಕಣ." ಡಾಕ್ಟರಮ್ಮ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ರೋಗಾಣು ಕಣದ ಒಳಗೇ ಸೇರ್ಕೊಂಡಿದೆ. ಹಾಗಾದಾಗ ಕಣ ತಾನೇ ಸತ್ತು, ಅದಕ್ಕೂ ನೆಲೆ ಇಲ್ಲದ ಹಾಗೆ ಮಾಡ್ಬೇಕು. ಈ ರೋಗಾಣು ಕಣನ ಸಾಯೋಕೇ ಬಿಡ್ತಿಲ್ಲ. ಮಿಕ್ಕ ಕಣಗಳನ್ನ ಕೂಗಿ ಕರೆಯೋಕೂ ಬಿಡ್ತಿಲ್ಲ. ಒಳಗೆ ಹಾಯಾಗಿ ಕೂತು ಮರಿ ಹಾಕ್ತಿದೆ."

"ಅಂದ್ರೆ ಸಾವನ್ನ ತಡೆದಿರೋದು ಆ ರೋಗಾಣುನೇ?"

"ಹೂಂ, ಕಣದ ಸಾವನ್ನ."

"ಅದನ್ನ ಕೊಲ್ಲಿ ಅಂತ ನಾನು ಸಹಿ ಹಾಕ್ಬೇಕು?"

ಡಾಕ್ಟರಮ್ಮ ಹಣೆ ಚಚ್ಚಿಕೊಳ್ಳಲಿಲ್ಲ, ಅಷ್ಟೇ. "ಇಂಜೆಕ್ಷನ್ ಕೊಟ್ರೆ ಅದೂ ಸಾಯುತ್ತೆ, ಅದಿರೋ ಕಣಗಳೂ ಸಾಯ್ತವೆ. ಎರಡು ದಿನ ಮೈ ಊದ್ಕೊಳ್ಳುತ್ತೆ, ಜ್ವರ ಏರುತ್ತೆ. ಇವರ ಹೃದಯ ಸ್ವಲ್ಪ ಸೋತಿದೆ, ತಡ್ಕೊಳ್ಳುತ್ತಾ ಅನ್ನೋದೇ ಭಯ. ಕೊಡದಿದ್ರೆ ಒಂದು ತಿಂಗಳೂ ಕಷ್ಟ."

ಅವಳ ತಲೆಯೊಳಗೆ ಎಲ್ಲ ಕಲಸುಮೇಲೋಗರ. ಊತ ಇಳಿದರೆ ವಾಸಿ, ಏರಿದರೆ ಕೆಟ್ಟದ್ದು. ಇಷ್ಟು ವರ್ಷ ಅವಳಿಗೆ ಗೊತ್ತಿದ್ದ ವೈದ್ಯಶಾಸ್ತ್ರ ಇಷ್ಟೇ.

ಗಂಡ ನಕ್ಕ. "ಹಾಕೇ, ಪುಣ್ಯಾತ್ಗಿತ್ತಿ. ಕಳ್ಳ ಒಳಗಿಂದ ಚಿಲಕ ಹಾಕ್ಕೊಂಡ್ರೆ ನನ್ನ ಕೀ ಗೊಂಚಲು ಏನು ಮಾಡುತ್ತೆ? ಬಾಗಿಲೇ ಮುರೀಬೇಕು."

"ಬಾಗಿಲು ನೀವಲ್ವಾ?"

ಅವನು ಪೆನ್ನನ್ನು ಅವಳ ಕಡೆ ಸರಿಸಿದ. ಅವಳು ಸಹಿ ಹಾಕಿದಳು.

ಮರುದಿನ ಮಧ್ಯಾಹ್ನಕ್ಕೆ ಜ್ವರ ನೂರಾಮೂರು ದಾಟಿತು. ಕತ್ತು ಊದಿ ಅಂಗಿಯ ಗುಂಡಿ ಬಿಚ್ಚಬೇಕಾಯಿತು. ಕರೆದರೆ ಬರೀ ಹೂಂ. ಡಾಕ್ಟರಮ್ಮ ಬಂದು ನಾಡಿ ಹಿಡಿದು, "ಗಾಬರಿಯಾಗ್ಬೇಡಿ, ಮೈಗೆ ಈಗ ಎಚ್ಚರ ಆಗಿದೆ. ಜಗಳಕ್ಕೆ ನಿಂತಿದೆ, ಈ ಜ್ವರಾನೇ ಅದರ ಆಯುಧ," ಎಂದು ಹೋದರು. ಅವರು ಹೋದ ಬೆನ್ನಿಗೇ ನರ್ಸ್ ಒಂದು ಬೋಗುಣಿ ನೀರು, ಬಟ್ಟೆ ತಂದಿಟ್ಟು, "ತುಂಬಾ ಏರ್ತಿದೆ, ಹಣೆ ಮೇಲೆ ಹಾಕ್ತಾ ಇರಿ," ಎಂದಳು.

ಅವಳು ಬಟ್ಟೆಯನ್ನು ಅದ್ದಿ ಅವನ ಹಣೆಯವರೆಗೂ ತಂದಳು. ಅಲ್ಲೇ ಕೈ ನಿಂತಿತು. ನೀರು ಮೊಣಕೈವರೆಗೆ ಇಳಿದು ನೆಲಕ್ಕೆ ತೊಟ್ಟಿಕ್ಕತೊಡಗಿತು.

"ಸಿಸ್ಟರ್," ಎಂದು ಕೂಗಿದಳು, "ಜಗಳದಲ್ಲಿ ಈ ಬಟ್ಟೆ ಯಾರ ಕಡೆ?"