ಕೆಳಗಿನ ಒಂದು ಸಾಲು

"ಏನಾಗಿದೆ ಅಂತ ಕಣ್ಣಾರೆ ನೋಡದೆ ನಾಲಿಗೆಗೆ ಕತ್ತರಿ ಹಾಕೋಕೆ ಬಿಡಲ್ಲ," ಎಂದು ಹಟ ಹಿಡಿದು ಹರಾಜು ಮಾವ ಆಸ್ಪತ್ರೆಯ ಪ್ರಯೋಗಾಲಯದ ಬಾಗಿಲಲ್ಲೇ ನಿಂತುಬಿಟ್ಟ. ಮಾರುಕಟ್ಟೆಯಲ್ಲಿ ತರಕಾರಿ ಹರಾಜು ಕೂಗುತ್ತಿದ್ದುದರಿಂದ ಎಲ್ಲರಿಗೂ ಅವನು ಹರಾಜು ಮಾವ. ನಾಲಿಗೆಯ ಅಂಚಿನ ಹುಣ್ಣು ಕ್ಯಾನ್ಸರ್ ಎಂದು ತಿಳಿದಾಗಿನಿಂದ ಹೆಂಡತಿಗೂ ಅಂಟೀತೆಂದು ಅವಳ ಪಕ್ಕ ಕೂರಲೂ ಹೆದರುತ್ತಿದ್ದ. ಅಂಟುವುದಿಲ್ಲ ಎಂದು ಯಾರೆಷ್ಟು ಹೇಳಿದರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಅಲ್ಲಿ ಡಾಕ್ಟರಾಗಿದ್ದ ಅಕ್ಕನ ಮಗಳು ಅವನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ಗಾಜಿನ ಪಟ್ಟಿಯೊಂದನ್ನು ಸರಿಸಿದಳು.

"ಇದು ನಿಮ್ಮ ಹುಣ್ಣಿನ ಚೂರು, ಮಾವ. ನಾವು ಹಾಕಿದ ಬಣ್ಣದಿಂದ ಕಂದು ಕಾಣ್ತಿರೋದು ಒಂದು ಪ್ರೋಟೀನು. ಜೀವಕೋಶಕ್ಕೆ 'ಬೆಳಿ, ಬೆಳಿ' ಅಂತ ಹೇಳೋದು ಇದೇ."

ಮೇಲಿಂದ ಕೆಳಗಿನವರೆಗೂ ಕಂದು. ಸಾಲಿಲ್ಲ, ಅಂಚಿಲ್ಲ, ಒಂದರ ಮೇಲೊಂದು ಬಿದ್ದ ಗುಂಪು.

"ಅಬ್ಬಾ! ಎಲ್ಲರೂ ಒಟ್ಟಿಗೆ ಕೂಗ್ತಿದ್ದಾರಲ್ಲೇ! ಚೆನ್ನಾಗಿರೋ ಬಾಯಲ್ಲಿ ಈ ದರಿದ್ರ ಇರಲ್ಲ ತಾನೇ?"

ಅಕ್ಕನ ಮಗಳು ಹಿಂದೆಯೇ ನಿಂತಿದ್ದ ಮಾವನ ಹೆಂಡತಿ, ತನ್ನ ಅತ್ತೆಯ ಮುಖ ನೋಡಿದಳು. ಅತ್ತೆ ಹೂಂಗುಟ್ಟಿದ ಮೇಲೆ ಇನ್ನೊಂದು ಪಟ್ಟಿ ಇಟ್ಟಳು. ಹಿಂದೆ ಬುದ್ಧಿಹಲ್ಲು ಕೀಳಿಸಿದಾಗ ಅತ್ತೆ ಸಂಶೋಧನೆಗೆಂದು ಕೊಟ್ಟ ಒಸಡಿನ ಚೂರು ಅದು. ಪದರದ ಮೇಲೆ ಪದರ, ತಿಳಿನೀಲಿ. ತೀರಾ ಕೆಳಗೆ ಮಾತ್ರ ಒಂದೇ ಒಂದು ಸಾಲು ಕಂದು.

ಮಾವ ಸೂಕ್ಷ್ಮದರ್ಶಕದಿಂದ ಹಿಂದೆ ಸರಿದ. "ಅವಳಿಗೂ ಅಂಟಿಸಿಬಿಟ್ಟೆನಾ?"

"ಅಂಟೋದಲ್ಲ ಮಾವ. ಎಲ್ಲರ ಬಾಯಲ್ಲೂ ಇದೆ, ನನ್ನ ಬಾಯಲ್ಲೂ. ಬಿಸಿ ಟೀ ಕುಡಿದು ನಾಲಿಗೆ ಸುಟ್ಕೊಂಡ್ರೆ ನಾಕು ದಿನದಲ್ಲಿ ವಾಸಿ ಆಗೋದಕ್ಕೆ ಇದೂ ಬೇಕು. ಕೆಳಗಿನ ಸಾಲಲ್ಲಿ ಕೆಲಸ, ಜೀವಕೋಶ ಮೇಲಿನ ಪದರಕ್ಕೆ ಬಂದಾಗ ಸುಮ್ಮನಾಗಿಬಿಡುತ್ತೆ."

"ಸುಮ್ಮನಿರು ಅನ್ನೋರು ಯಾರು?"

"ಅದಕ್ಕೆ ಬೇರೆ ಪ್ರೋಟೀನುಗಳೇ ಬೇಕಾದಷ್ಟು ಜನ ಕಾವಲಿದ್ದಾರೆ. ನಿಮ್ಮ ಹುಣ್ಣಲ್ಲಿ ಅವರ ಮಾತು ನಡೀಲಿಲ್ಲ, ಅಷ್ಟೆ."

ಅತ್ತೆ ಗಂಡನನ್ನು ಸರಿಸಿ ತಾನೂ ಕಣ್ಣಿಟ್ಟಳು. ಬಹಳ ಹೊತ್ತು ತಲೆ ಎತ್ತಲಿಲ್ಲ. "ರೀ, ದಿನಾ ನಿಮ್ಮ ಜೊತೆ ಜಗಳ ಆಡೋ ಬಾಯೇನ್ರೀ ಇದು? ಒಳಗೆ ಎಷ್ಟು ಅಚ್ಚುಕಟ್ಟು!"

ಮಾವ ನಕ್ಕುಬಿಟ್ಟ. ಹುಣ್ಣು ಚುರ್ ಎಂದರೂ ನಕ್ಕ. "ಆಯ್ತು, ಕತ್ತರಿ ಹಾಕೋಕೆ ಹೇಳು," ಎಂದು ಎದ್ದ.

ಹೊರಗಿನ ಹಜಾರ ತುಂಬಿತ್ತು. ಕಾವಲುಗಾರ ಬಾಯಿ ಅಗಲಿಸಿ ಆಕಳಿಸುತ್ತಿದ್ದ, ಕೂಸೊಂದು ಕಿರಿಚುತ್ತಿತ್ತು, ಇಬ್ಬರು ಹೆಂಗಸರು ಏನನ್ನೋ ನೆನೆದು ಬಿದ್ದು ಬಿದ್ದು ನಗುತ್ತಿದ್ದರು. ಮಾವ ನಡೆಯುವುದನ್ನೇ ಮರೆತು ನೋಡುತ್ತ ನಿಂತ.

"ಇದು ನನಗೇ ಯಾಕೆ ಬಂತು ಅಂತ ಗೋಳಾಡ್ತಿದ್ದೆ," ಎಂದ ಹೆಂಡತಿಗೆ. "ಇಷ್ಟೊಂದು ಬಾಯಿಗಳಿಗೆ ಬರದೇ ಇರೋದು ಹೇಗೆ ಕಣೇ?"